ಮಾವನ ವಿಮಾನಕ್ಕೆ ಒಂದು ‘ಬೇಡ’ ಸಾಕು

ನನ್ನ ಮಾವನ ಬಳಿ ಸ್ವಂತ ವಿಮಾನವಿತ್ತು. ನಗುವುದಿದ್ದರೆ ಈಗಲೇ ನಕ್ಕುಬಿಡಿ. ಮುಂದೆ ನನಗೆ ಸಿಟ್ಟು ಬರಲಿಕ್ಕುಂಟು, ಆಗ ನಕ್ಕರೆ ಚೆನ್ನಾಗಿರುವುದಿಲ್ಲ. ಉಡುಪಿ ಜಿಲ್ಲೆ ಹೊಸದಾಗಿ ಹುಟ್ಟಿದ ವರ್ಷವೇ ಅವರು ಆ ವಿಮಾನದೊಂದಿಗೆ ಊರಿಗೆ ಬಂದಿಳಿದರು. ಹಾಗಾಗಿ ಜಿಲ್ಲೆಯಲ್ಲಿ ಸ್ವಂತ ವಿಮಾನವಿದ್ದ ಮೊತ್ತಮೊದಲ ಟರ್ಪಾಲು ಅಂಗಡಿಯವರು ಎಂಬ ಬಿರುದು ಅವರಿಗೇ ಸಲ್ಲಬೇಕು. ಎರಡನೆಯವರು ಇನ್ನೂ ಹುಟ್ಟಿಲ್ಲ. ಆರು ಬೇಸಗೆ ಅದನ್ನು ಬೆಟ್ಟ ಹತ್ತಿಸಿದರು, ಆರು ಬೇಸಗೆ ಇಳಿಸಿದರು. ಬಿಚ್ಚಿದರು, ಜೋಡಿಸಿದರು, ತಪಾಸಣೆ ಮಾಡಿದರು, ಮಡಚಿದರು. ಒಂದು ಕೆಲಸ ಮಾತ್ರ ಮಾಡಲಿಲ್ಲ. ಯಾವುದೆಂದು ನಿಮ್ಮಂಥವರಿಗೆ ಬಿಡಿಸಿ ಹೇಳಬೇಕೇ?

ವಿಮಾನವೆಂದರೆ ಹ್ಯಾಂಗ್ ಗ್ಲೈಡರ್. ಇಂಜಿನ್ ಇಲ್ಲ, ಚಕ್ರ ಇಲ್ಲ, ಕೂರಲಿಕ್ಕೆ ಸೀಟೂ ಇಲ್ಲ. ಅಲ್ಯೂಮಿನಿಯಂ ಕೊಳವೆಗಳ ಮೇಲೆ ಬಿಗಿದ ಬಟ್ಟೆಯ ರೆಕ್ಕೆ, ಅದರ ಕೆಳಗೆ ಕೈಗೆ ಹಿಡಿಯಲು ಒಂದು ತ್ರಿಕೋನದ ಚೌಕಟ್ಟು, ನಡುವೆ ಜೋಳಿಗೆಯೊಂದರಲ್ಲಿ ಬಾವಲಿಯಂತೆ ತೂಗುವ ಮನುಷ್ಯ. ಇಳಿಜಾರಿನಲ್ಲಿ ಗಾಳಿಗೆ ಎದುರಾಗಿ ಓಡಬೇಕು. ಕಾಲ ಕೆಳಗಿನ ನೆಲ ತಾನಾಗಿ ತಪ್ಪಿಹೋಗುವವರೆಗೂ ಓಡುತ್ತಲೇ ಇರಬೇಕು. ಜಿಗಿಯಬಾರದು. “ಜಿಗಿಯುವುದು ಕಪ್ಪೆ. ನಾವು ಓಡುವವರು” ಎನ್ನುತ್ತಿದ್ದರು ಮಾವ. ಓಡುವುದನ್ನೂ ನಾನು ಕಂಡವಳಲ್ಲ, ಆ ಮಾತು ಬೇರೆ!

ಮಾವ ಎಂದರೆ ಅಮ್ಮನ ಅಣ್ಣ. ಹರೆಯದಲ್ಲಿ ಪುಣೆಗೆ ಹೋಗಿ ಡೇರೆ ಹೊಲಿಯುವ ಕಾರ್ಖಾನೆ ಸೇರಿದ್ದರು. ಅಲ್ಲಿನ ಘಾಟಿಯಲ್ಲಿ ಹಾರುವವರು ಹರಿದ ರೆಕ್ಕೆಗಳನ್ನು ಹೊಲಿಸಲು ಇವರ ಬಳಿ ತರುತ್ತಿದ್ದರಂತೆ. ಹೊಲಿದು ಹೊಲಿದು ಒಂದು ದಿನ ಇವರೂ ಹಾರಿದರು. ಪುಣೆಯಲ್ಲಿ ಚೆನ್ನಾಗಿಯೇ ಹಾರಿದ್ದಾರೆ, ಫೋಟೋ ಉಂಟು. ಆಮೇಲೆ ಕಟಪಾಡಿಗೆ ಬಂದು ಪೇಟೆಯಲ್ಲಿ ಅಂಗಡಿ ಹಾಕಿದರು. ಉಚ್ಚಿಲದ ದೋಣಿಯವರಿಗೆ ಟರ್ಪಾಲು ಹೊಲಿದುಕೊಟ್ಟರು. ಅವರಿಗಿದ್ದ ಆಸೆ ಒಂದೇ: ನಮ್ಮೂರನ್ನು ಒಮ್ಮೆ ಮೇಲಿನಿಂದ ನೋಡಬೇಕು. ಗದ್ದೆ, ತೋಡು, ತೆಂಗು, ಆಚೆ ಒಂದು ಗೆರೆ ಕಡಲು. “ಪುಣೆಯನ್ನು ಮೇಲಿನಿಂದ ನೋಡಿ ಎಂತ ಮಾಡುವುದು? ಅಲ್ಲಿ ನನ್ನದು ಅಂತ ಒಂದು ಮನೆಯೂ ಕಾಣುವುದಿಲ್ಲ” ಎನ್ನುತ್ತಿದ್ದರು. (ಇದೆಲ್ಲ ತುಳುವಿನಲ್ಲಿ ನಡೆದ ಮಾತು. ನಿಮಗೋಸ್ಕರ ಕನ್ನಡದಲ್ಲಿ ಹೇಳುತ್ತಿದ್ದೇನೆ. ತುಳುವಿನಲ್ಲಿ ನನ್ನ ಸಿಟ್ಟು ಇನ್ನೂ ಖಾರ.)

ನಾನು ಆಗ ಉಡುಪಿಯ ಕಾಲೇಜಿನಲ್ಲಿದ್ದೆ. ಚರ್ಚಾಸ್ಪರ್ಧೆಯವಳು. ಪರವೋ ವಿರೋಧವೋ, ಯಾವುದು ಕೊಟ್ಟರೂ ಐದು ನಿಮಿಷ ಮಾತಾಡಿ ಫಲಕ ಹಿಡಿದು ಬರುವವಳು. ಇಂಥವಳಿಗೆ ಭಾನುವಾರಗಳಂದು ಸಿಕ್ಕಿದ ಹುದ್ದೆ ಎಂಥದ್ದು? ಚೀಲ ಹೊರುವುದು!

ಆ ಚೀಲವೋ, ಎರಡಾಳುದ್ದಕ್ಕಿಂತ ಹೆಚ್ಚು ಉದ್ದ. ಮಡಚಿದ ವಿಮಾನ ಅದರೊಳಗೆ ಹೆಬ್ಬಾವಿನಂತೆ ಮಲಗಿರುತ್ತಿತ್ತು. ಅದನ್ನು ಕಾರ್ಕಳದ ಬಸ್ಸಿನ ಮೇಲೆ ಏರಿಸುವಾಗ ಪ್ರತಿ ಸಲವೂ ಒಬ್ಬ ಹೊಸ ಕಂಡಕ್ಟರ್.

“ಇದೆಂತ ಮಾರಾಯ್ರೆ, ಶಾಮಿಯಾನವಾ?”

“ಅಲ್ಲ. ವಿಮಾನ.”

“ವಿಮಾನ ಉಂಟಾದರೆ ಬಸ್ಸಿಗೆ ಎಂತಕ್ಕೆ ಬಂದದ್ದು?”

ಬಸ್ಸಿಗೆ ಬಸ್ಸೇ ನಕ್ಕಿತು. ಮಾವನಿಗೆ ಮಾತ್ರ ಅದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ. ಸ್ವಲ್ಪ ಯೋಚಿಸಿ, “ಕಟಪಾಡಿಯಲ್ಲಿ ಬೆಟ್ಟ ಇಲ್ಲ, ಹಾಗೆ” ಎಂದು ಗಂಭೀರವಾಗಿ ಉತ್ತರಿಸಿದರು. ಕಂಡಕ್ಟರನ ಪ್ರಶ್ನೆಯಲ್ಲಿ ತಪ್ಪೇನಿದೆ ಹೇಳಿ? ಆರು ವರ್ಷ ನಾನು ಕೇಳಿದ್ದೂ ಹೆಚ್ಚುಕಡಿಮೆ ಅದನ್ನೇ.

ನಿಟ್ಟೆಗೆ ಸ್ವಲ್ಪ ಮೊದಲು ಇಳಿದರೆ, ರಸ್ತೆಯಿಂದ ಒಳಗೆ ಪಶ್ಚಿಮಕ್ಕೆ ಮುಖ ಮಾಡಿದ ಒಂದು ದೊಡ್ಡ ಬೋಳು ಪಾದೆ, ಎಂದರೆ ಬಂಡೆಯ ಬೆಟ್ಟ. ಮಧ್ಯಾಹ್ನದ ಮೇಲೆ ಕಡಲ ಗಾಳಿ ನೇರ ಅದಕ್ಕೇ ಬಂದು ತಾಗುತ್ತದೆ. ಕೆಳಗೆ ಕೊಯ್ಲಾದ ಗದ್ದೆ, ಇಳಿಯಲು. ಚೀಲದ ಮುಂದಿನ ತುದಿ ನನ್ನ ಹೆಗಲ ಮೇಲೆ, ಹಿಂದಿನ ತುದಿ ಮಾವನ ಹೆಗಲ ಮೇಲೆ. ಹಿಂದಿನವರಿಗೆ ಚೀಲ ಅಡ್ಡ, ದಾರಿ ಕಾಣುವುದಿಲ್ಲ. ಆದ್ದರಿಂದ ಒಂದು ಕಾನೂನು: ಮುಂದಿನವಳು ಕಂಡದ್ದನ್ನು ಹೇಳಬೇಕು, ಹಿಂದಿನವರು ಅದನ್ನು ತಿರುಗಿ ಹೇಳಬೇಕು. ತಿರುಗಿ ಹೇಳದಿದ್ದರೆ ನಾನು ನಿಂತುಬಿಡಬೇಕು.

“ಕಲ್ಲು.”

“ಕಲ್ಲು.”

“ಗುಂಡಿ.”

“ಗುಂಡಿ.”

ಪದವಿ ತರಗತಿಯ ಹುಡುಗಿಗೆ ಇದು ಒಂದನೇ ಕ್ಲಾಸಿನ ಕಾಪಿ ಬರೆದಂತೆ! ಒಮ್ಮೆ ನಾನು ಬೇಕೆಂದೇ ಹೇಳಲಿಲ್ಲ. ಹಿಂದೆ ಮಾವ ಎಡವಿದರು.

“ಕಲ್ಲು ಹೇಳಲಿಲ್ಲ ನೀನು.”

“ಅದು ಕಲ್ಲಲ್ಲ ಮಾವ, ಹರಳು. ಕಲ್ಲು ಎನ್ನಬೇಕಾದರೆ ಒಂದು ಗಾತ್ರ ಬೇಡವಾ?”

“ಎಡವುವಾಗ ಕಾಲು ಅಳತೆ ತೆಗೆಯುವುದಿಲ್ಲ ಮಾರಾಯ್ತಿ. ಹೇಳು.”

ಹೇಳಿದೆ. ಹರಳಿಗೂ ಕಲ್ಲೆಂದೆ. ಅವಮಾನ!

ಪಾದೆಯ ತಲೆಯ ಮೇಲೆ ಜೋಡಣೆ. ಚೀಲದ ಜಿಪ್ಪು ತೆರೆದು, ತ್ರಿಕೋನದ ಚೌಕಟ್ಟನ್ನು ನಿಲ್ಲಿಸಿ, ರೆಕ್ಕೆ ಬಿಡಿಸಿ, ಬಟ್ಟೆಯ ಮಡಿಕೆಗಳೊಳಗೆ ಬಾಗಿದ ಕಡ್ಡಿಗಳನ್ನು ಒಂದೊಂದಾಗಿ ತೂರಿಸಿ, ತಂತಿಗಳನ್ನು ಬಿಗಿಯಬೇಕು. ಇದಕ್ಕೆ ಅರ್ಧ ಗಂಟೆ. ಅದು ಅಡ್ಡಿಯಿಲ್ಲ. ಮುಂದಿನದ್ದು ತಪಾಸಣೆ. ಮಾವ ವಿಮಾನದ ಮೂಗಿನಿಂದ ಶುರುಮಾಡಿ, ಪ್ರತಿ ಬೋಲ್ಟು, ಪ್ರತಿ ಪಿನ್ನು, ಪ್ರತಿ ತಂತಿಯನ್ನು ಕೈಯಿಂದ ಮುಟ್ಟುತ್ತ ಒಂದು ಸುತ್ತು ಬಂದು ಮತ್ತೆ ಮೂಗಿಗೆ ಮುಟ್ಟುತ್ತಿದ್ದರು, ದೇವರಿಗೆ ಪ್ರದಕ್ಷಿಣೆ ಬಂದ ಹಾಗೆ. ಈ ಸುತ್ತಿನ ನಡುವೆ ಯಾರಾದರೂ ಬಾಯಿ ತೆರೆದರೆ ಮುಗಿಯಿತು, ಮತ್ತೆ ಮೊದಲಿನಿಂದ! ಮಾತಿನ ನಡುವೆಯೇ ಒಂದು ಪಿನ್ನು ಕಣ್ಣು ತಪ್ಪಿಸುತ್ತದಂತೆ.

“ಮಾವ, ಆ ತಂತಿಯನ್ನು ಈಗಷ್ಟೇ ನೋಡಿದ್ದೀರಿ” ಎಂದೆ ಒಂದು ದಿನ.

ಅವರು ತಿರುಗಿ ವಿಮಾನದ ಮೂಗಿಗೆ ಹೋದರು.

“ಅಯ್ಯೋ, ನಾನು ಹೇಳಿದ್ದು ಅದಲ್ಲ…”

ಮೂಗಿಗೆ.

“ಆಯ್ತು, ಇನ್ನು ನಾನು ಮಾತಾಡುವುದೇ ಇಲ್ಲ!”

ಮೂಗಿಗೆ!

ನಾಲ್ಕನೇ ಪ್ರದಕ್ಷಿಣೆ ಮುಗಿಯುವಾಗ ಸೂರ್ಯ ಕಡಲಿಗೆ ಇಳಿದಾಗಿತ್ತು, ಗಾಳಿಯೂ ಮನೆಗೆ ಹೋಗಿತ್ತು. ನಾವೂ ಹೋದೆವು.

ಇದನ್ನೆಲ್ಲ ನಾನು ಸಹಿಸಿಕೊಂಡೆ. ಯಂತ್ರವನ್ನು ನೋಡಿ ನಂಬುವುದರಲ್ಲಿ ತರ್ಕವಿದೆ, ತರ್ಕಕ್ಕೆ ನಾನು ತಲೆಬಾಗುತ್ತೇನೆ. ನನ್ನ ರಕ್ತ ಕುದಿಸಿದ್ದು ಕೊನೆಯ ಕಾನೂನು.

ಅಲ್ಲಿ ನಮ್ಮ ಜೊತೆ ಹನುಮಂತಪ್ಪ ಎಂಬವನಿದ್ದ. ಬಾಗಲಕೋಟೆ ಕಡೆಯವನು, ಪಾದೆಯ ಬುಡದ ಕಲ್ಲಿನ ಕೋರೆಯಲ್ಲಿ ಕೆಲಸ. ಭಾನುವಾರ ರಜೆ. ಸುಮ್ಮನೆ ಕುತೂಹಲಕ್ಕೆಂದು ಬಂದವನು ಆಮೇಲೆ ಜೋಳಿಗೆ, ಹೆಲ್ಮೆಟ್ಟು ಹೊತ್ತು ಕಾಯಂ ಸದಸ್ಯನಾದ. ತಪಾಸಣೆ ಮುಗಿದ ಮೇಲೆ ಮಾವ ಜೋಳಿಗೆ ತೊಟ್ಟು, ಅದರ ಕೊಕ್ಕೆಯನ್ನು ರೆಕ್ಕೆಯ ಪಟ್ಟಿಗೆ ಸಿಕ್ಕಿಸಿ, ನೆಲದಿಂದ ಗೇಣೆತ್ತರದಲ್ಲಿ ಮಲಗಿ ತೂಗಿ ನೋಡಬೇಕು. ನಾನು ಎದುರು ನಿಂತು ಮೂಗಿನ ತಂತಿ ಹಿಡಿದಿರಬೇಕು. ಹನುಮಂತಪ್ಪ ಕೊಕ್ಕೆಯನ್ನು ಮುಟ್ಟಿ ನೋಡಿ “ಐತ್ರಿ” ಎನ್ನಬೇಕು. ಕೊಕ್ಕೆ ಸಿಕ್ಕಿಸಲು ಮರೆತು ಓಡಿದರೆ ರೆಕ್ಕೆ ಮೇಲೆ ಹೋಗುತ್ತದೆ, ಮನುಷ್ಯ ಕೆಳಗೆ. ಅದೂ ಸರಿಯೇ. ಆಮೇಲೆ ಮಾವ ಎದ್ದು ನಿಂತು ರೆಕ್ಕೆಯನ್ನು ಹೆಗಲಿಗೇರಿಸಿ ಒಂದು ಪ್ರಶ್ನೆ ಕೇಳುತ್ತಿದ್ದರು:

“ಇಲ್ಲಿ ಇದ್ದವರಲ್ಲಿ ಯಾರಿಗಾದರೂ ಬೇಡ ಅನಿಸುತ್ತದಾ?”

ಮೊದಲ ಸಲ ಕೇಳಿದಾಗ ಇದೊಂದು ಶಿಷ್ಟಾಚಾರ ಎಂದುಕೊಂಡೆ. ಗಾಳಿ ಸರಿಯಾಗಿತ್ತು. ತಂತಿಗೆ ಕಟ್ಟಿದ ಕೆಂಪು ಉಣ್ಣೆಯ ಎಳೆ ನೇರ ಅವರ ಕಡೆಗೇ ಹಾರಾಡುತ್ತಿತ್ತು. ಹನುಮಂತಪ್ಪ ತಲೆ ಕೆರೆದುಕೊಂಡ.

“ಯಾಕೋ ಬ್ಯಾಡ ಅನಸ್ತೈತ್ರೀ ಸಾಹೇಬ್ರ.”

“ಆಯ್ತು” ಎಂದು ಮಾವ ರೆಕ್ಕೆ ಇಳಿಸಿ ಕೊಕ್ಕೆ ಬಿಚ್ಚಿದರು!

ನಾನು ಬಿಟ್ಟೇನೆಯೇ? ಅಲ್ಲೇ ಪಾಟೀಸವಾಲು ಶುರು.

“ಯಾಕೆ ಬೇಡ? ಗಾಳಿ ಸರಿ ಇಲ್ಲವಾ?”

“ಗಾಳಿ ಚಲೋ ಐತ್ರೀ ಅಕ್ಕಾರ.”

“ತಂತಿ ಸಡಿಲ ಉಂಟಾ?”

“ಅದು ನಮಗೆ ತಿಳ್ಯಂಗಿಲ್ರೀ.”

“ಮತ್ತೆ ಯಾಕೆ?”

“ಮುಂಜಾನಿಂದ ಎಡಗಣ್ಣು ಹಾರಾಕ್ಹತ್ತೈತ್ರೀ.”

ಕಣ್ಣು! ಇಡೀ ಬೆಟ್ಟದಲ್ಲಿ ಆ ದಿನ ಹಾರಿದ್ದು ಹನುಮಂತಪ್ಪನ ಎಡಗಣ್ಣು ಒಂದೇ! ಕಡಲನ್ನೇ ಹಾರಿದವನ ಹೆಸರಿಟ್ಟುಕೊಂಡು ಇವನು ನಮ್ಮ ಮಾವನಿಗೆ ಗದ್ದೆ ಹಾರಬೇಡ ಎನ್ನುವುದೇ! ನನ್ನ ಮಾತಿನ ಪೆಟ್ಟಿಗೆ ಅವನು ಪಾಪ ಹೆದರಿ, “ಹಂಗಾರ ಹೋಗ್ರೀ ಸಾಹೇಬ್ರ, ನಂದೇನಿಲ್ಲ” ಎಂದ. ಮಾವ ಒಪ್ಪಲಿಲ್ಲ.

“ಹೇಳಿದ ಬೇಡವನ್ನು ವಾಪಸ್ ತೆಗೆದುಕೊಳ್ಳಲಿಕ್ಕಿಲ್ಲ.”

“ಮಾವ, ಕಣ್ಣು ಅದುರಿದರೆ ಕೇಡು ಎಂದು ನೀವೂ ನಂಬುತ್ತೀರಾ?”

“ಇಲ್ಲಪ್ಪ. ಅವನ ಕಣ್ಣು ನನಗೆ ಲೆಕ್ಕ ಅಲ್ಲ. ಬೇಡ ಅಂದನಲ್ಲ, ಅದು ಲೆಕ್ಕ.”

ಇದು ಯಾವ ನ್ಯಾಯ, ನೀವೇ ಹೇಳಿ! ಕಾರಣ ಕೊಡಬೇಕಾಗಿಲ್ಲ, ಬಹುಮತ ಬೇಕಾಗಿಲ್ಲ, ತಿಳಿವಳಿಕೆಯೂ ಬೇಕಾಗಿಲ್ಲ. ಬೆಟ್ಟದ ಮೇಲೆ ಎರಡು ಕಾಲಲ್ಲಿ ನಿಂತಿದ್ದರೆ ಸಾಕು, ನಿಮ್ಮ ಒಂದು ಶಬ್ದಕ್ಕೆ ವಿಮಾನ ಮಡಚುತ್ತದೆ.

ಈ ಕಾನೂನಿನ ಸುದ್ದಿ ಅಮ್ಮನ ಕಿವಿಗೆ ಬಿತ್ತು. ಅಣ್ಣ ಹಾರುವುದು ಅವರಿಗೆ ಮೊದಲಿನಿಂದಲೂ ಸುತರಾಂ ಇಷ್ಟವಿಲ್ಲ. ಮನೆಯಲ್ಲಿ ಕೂತು “ಬೇಡ” ಎಂದರು. ನಡೆಯಲಿಲ್ಲ; ಬೆಟ್ಟದ ಮೇಲೆ ಇದ್ದವರಿಗೆ ಮಾತ್ರ ಆ ಅಧಿಕಾರ. ಮುಂದಿನ ಭಾನುವಾರ ನಾವು ಪಾದೆಯ ಮೇಲೆ ಕಡ್ಡಿ ತೂರಿಸುತ್ತಿರುವಾಗ ಕೆಳಗಿನಿಂದ ಒಂದು ಕೊಡೆ ಮೆಲ್ಲಮೆಲ್ಲನೆ ಏರಿ ಬರುವುದು ಕಾಣಿಸಿತು. ಕೊಡೆಯ ಕೆಳಗೆ ಅಮ್ಮ, ಮೊಣಕಾಲು ನೋವಿನ ಅಮ್ಮ! ಬಂದು ಕೂತರು. ಬೆವರು ಒರೆಸಿದರು. ತಂದ ಬುತ್ತಿ ಬಿಚ್ಚಿ ಎಲ್ಲರಿಗೂ ನೀರುದೋಸೆ, ಚಟ್ನಿ ಹಂಚಿದರು. ಹನುಮಂತಪ್ಪನಿಗೆ ಎರಡು ದೋಸೆ ಹೆಚ್ಚು. ಮಾವ ಪ್ರಶ್ನೆ ಕೇಳುವವರೆಗೆ ತಾಳ್ಮೆಯಿಂದ ಕಾದರು.

“ಬೇಡ” ಎಂದರು. ಡಬ್ಬಿ ಮುಚ್ಚಿದರು. ಕೊಡೆ ಬಿಡಿಸಿ ಇಳಿದು ಹೋದರು.

ಇದನ್ನೇ ಆ ಬೇಸಗೆಯಲ್ಲಿ ಮೂರು ಸಲ ಮಾಡಿದರು. ಮೊಣಕಾಲಿಗೂ ಒಳ್ಳೆಯದಾಯಿತಂತೆ!

ಮಾವನ ಪ್ರಶ್ನೆ ಬೆಟ್ಟಕ್ಕಷ್ಟೇ ಸೀಮಿತವಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ತಡವಾಗಿಯಾದರೂ ತಮಗೆಂದು ಮೂಡುಬೆಳ್ಳೆ ಕಡೆ ಹೆಣ್ಣು ನೋಡಲು ಹೋಗಿದ್ದಾಗ ಮಾತುಕತೆಯೆಲ್ಲ ಕುದುರಿತ್ತು. ಚಹಾ ಬಂತು, ಅಂಬಡೆ ಬಂತು, ಹುಡುಗಿಯೂ ಇವರನ್ನು ನೋಡಿ ನಕ್ಕಿದ್ದಳು. ಇವರು ಎದ್ದು ನಿಂತು ಚಾವಡಿಯನ್ನು ಒಮ್ಮೆ ನೋಡಿ, “ಇಲ್ಲಿ ಇದ್ದವರಲ್ಲಿ ಯಾರಿಗಾದರೂ ಬೇಡ ಅನಿಸುತ್ತದಾ?” ಎಂದುಬಿಟ್ಟರು! ಯಾವುದೋ ಮೂಲೆಯಲ್ಲಿ ಎಲೆಯಡಿಕೆ ಕುಟ್ಟುತ್ತಿದ್ದ ಅಜ್ಜಿಯೊಬ್ಬರು ಕೈ ಎತ್ತಿದರು. ಅವರು ಆ ಮನೆಯವರೂ ಅಲ್ಲ, ಪಕ್ಕದ ಮನೆಯವರು. ಸಂಬಂಧ ಅಲ್ಲಿಗೇ ಮಡಚಿತು. ಮಾವನ ಬ್ರಹ್ಮಚರ್ಯದ ಹಿಂದಿರುವ ದೊಡ್ಡ ತತ್ವ ಇಷ್ಟೇ.

ಕಾಪುವಿನ ಕಡಲ ತೀರಕ್ಕೂ ಒಮ್ಮೆ ಹೋದೆವು, ಹಾರಲು ಅಲ್ಲ, ರೆಕ್ಕೆ ಹೊತ್ತು ನಿಲ್ಲುವ ಅಭ್ಯಾಸಕ್ಕೆ. ಗಾಳಿಯಲ್ಲಿ ರೆಕ್ಕೆಯನ್ನು ಸಮತೂಕದಲ್ಲಿ ಹಿಡಿದುಕೊಂಡೇ ಎರಡು ತಾಸು ನಿಂತರು. ನಿಂತೇ ಇದ್ದರು! ಮೀನು ಬುಟ್ಟಿ ಹೊತ್ತ ಹೆಂಗಸೊಬ್ಬರು ಹೋಗುವಾಗಲೂ ನೋಡಿದರು, ಬುಟ್ಟಿ ಖಾಲಿಯಾಗಿ ಬರುವಾಗಲೂ ನೋಡಿದರು. ಕೊನೆಗೆ ತಡೆಯಲಾರದೆ ನನ್ನ ಬಳಿ ಬಂದು, “ಎಂತ ಮಗಾ, ಇವರನ್ನು ಯಾರಾದರೂ ಇಲ್ಲಿ ನಿಲ್ಲು ಅಂತ ಹೇಳಿ ಮರೆತು ಹೋಗಿದ್ದಾರಾ?” ಎಂದರು.

ನಾನು ಸುಮ್ಮನೆ ಕೂರುವವಳಲ್ಲ. ಅಂಗಡಿಗೆ ಹೋಗಿ, ಹೊಲಿಗೆ ಯಂತ್ರದ ಎದುರು ಸ್ಟೂಲು ಎಳೆದುಕೊಂಡು, ಆ ಕಾನೂನಿನ ವಿರುದ್ಧ ಕ್ರಮವಾಗಿ ವಾದ ಮಂಡಿಸಿದೆ. ಬೇಡ ಎನ್ನುವವರೇ ಕಾರಣ ತೋರಿಸಬೇಕು. ತಿಳಿದವರ ಮಾತಿಗೂ ತಿಳಿಯದವರ ಮಾತಿಗೂ ಒಂದೇ ತೂಕ ಕೊಡುವುದು ನ್ಯಾಯವಲ್ಲ. ಹೀಗೇ ಹೋದರೆ ಜಗತ್ತಿನಲ್ಲಿ ಯಾರೂ ಯಾವ ಕೆಲಸವನ್ನೂ ಮಾಡಲಾರರು. ಮಾವ ಟರ್ಪಾಲಿನ ಅಂಚು ಮಡಚಿ ಹೊಲಿಯುತ್ತಿದ್ದರು. ನಾನು ಉಸಿರು ತೆಗೆಯಲು ನಿಂತಾಗ ಯಂತ್ರ ನಿಲ್ಲಿಸಿ, “ಹಾರಲಿಕ್ಕೆ ಕಾರಣ ಬೇಕು ಮಗಾ. ಹಾರದೆ ಇರಲಿಕ್ಕೆ ಬೇಕಾಗುವುದಿಲ್ಲ” ಎಂದು ಮತ್ತೆ ಪೆಡಲ್ ತುಳಿದರು. ಇದು ವಾದವೇ? ಯಾವ ತೀರ್ಪುಗಾರರೂ ಇದಕ್ಕೆ ಅಂಕ ಕೊಡುವುದಿಲ್ಲ!

ಆ ವರ್ಷ ಮಣಿಪಾಲದಲ್ಲಿ ಅಂತರ ಕಾಲೇಜು ಚರ್ಚಾಸ್ಪರ್ಧೆ. ‘ವಿಜ್ಞಾನದಿಂದ ಮನುಷ್ಯ ಸುಖಿಯಾಗಿದ್ದಾನೆ.’ ಬೆಳಗ್ಗೆ ನನ್ನದು ಪರ, ಮಧ್ಯಾಹ್ನದ ಸುತ್ತಿನಲ್ಲಿ ವಿರೋಧ. ಎರಡರಲ್ಲೂ ನಾನೇ ಮೊದಲು. ಮಾವ ಅಂಗಡಿಗೆ ಬೀಗ ಹಾಕಿ ಬಂದು ಕೊನೆಯ ಸಾಲಿನಲ್ಲಿ ಕೂತಿದ್ದರು. ಹಿಂದಿರುಗುವ ಬಸ್ಸಿನಲ್ಲಿ ಫಲಕವನ್ನು ಮಡಿಲಲ್ಲಿಟ್ಟುಕೊಂಡು, ಟರ್ಪಾಲಿನ ಹೊಲಿಗೆ ನೋಡುವಂತೆ ಅದರ ಅಂಚನ್ನೆಲ್ಲ ಬೆರಳಿನಿಂದ ಸವರಿ ನೋಡಿದರು.

“ಬೆಳಗ್ಗೆ ಕೇಳುವಾಗ ಹೌದು ಅಂತ ಕಂಡಿತು. ಮಧ್ಯಾಹ್ನ ಕೇಳುವಾಗ ಅಲ್ಲ ಅಂತಲೂ ಕಂಡಿತು. ನೀನು ಹುಷಾರಿ.”

“ಥ್ಯಾಂಕ್ಸ್ ಮಾವ.”

“ಅದಕ್ಕೇ ಹೇಳುವುದು. ನಿನ್ನ ಕಾರಣ ನಂಬಿ ನಾನು ಪಾದೆಯಿಂದ ಓಡುವುದು ಹೇಗೆ?”

ನಾನು ಫಲಕವನ್ನು ಅವರ ಮಡಿಲಿನಿಂದ ಕಿತ್ತು ನನ್ನ ಕೈಚೀಲಕ್ಕೆ ತುರುಕಿದೆ. ಆ ಪ್ರಶ್ನೆಯ ಮೇಲಿನ ಸಿಟ್ಟು ಇಂದಿಗೂ ಇಳಿದಿಲ್ಲ.

ಆರನೆಯ ಬೇಸಗೆಯಲ್ಲಿ ಮಾವ ರೆಕ್ಕೆಯ ಬಟ್ಟೆಯನ್ನು ಬೆರಳುಗಳ ನಡುವೆ ಹಿಚುಕಿ ನೋಡಿ, “ಬಿಸಿಲು ತಿಂದಿದೆ. ಈ ಮಳೆಗಾಲದ ಮೇಲೆ ಇದರಲ್ಲಿ ಹಾರಬಾರದು” ಎಂದು ತೀರ್ಪು ಕೊಟ್ಟರು. ಹೊಲಿಯುವವರ ತೀರ್ಪು, ಮೇಲ್ಮನವಿ ಇಲ್ಲ. ಇನ್ನೊಂದು ರೆಕ್ಕೆ ತರಿಸುವ ಮಾತೇ ಇರಲಿಲ್ಲ. ಅವರ ಮೊಣಕಾಲೂ ಅಮ್ಮನ ಮೊಣಕಾಲಿನ ದಾರಿ ಹಿಡಿದಿತ್ತು. ಉಳಿದದ್ದು ಮೇ ತಿಂಗಳ ಒಂದೇ ಭಾನುವಾರ. ಮರುವಾರ ಮೋಡ ಕಟ್ಟುವುದು ಖಂಡಿತ.

ನಾನು ಪೂರ್ವಸಿದ್ಧತೆಗೆ ಇಳಿದೆ. ಹನುಮಂತಪ್ಪನ ಶೆಡ್ಡಿಗೆ ಹೋಗಿ ಒಂದು ವಾರ ಮೊದಲೇ ಅವನ ಎರಡೂ ಕಣ್ಣುಗಳನ್ನು ವಿಚಾರಿಸಿದೆ. “ಆರಾಮ ಅದಾವ್ರೀ ಅಕ್ಕಾರ, ಸಾಹೇಬ್ರು ಈ ಸಲ ಹೋಗ್ಲಿ” ಎಂದ. ಅಮ್ಮನ ಬಳಿ ಮೂರು ಸಂಜೆ ವಾದಿಸಿದೆ. ನಾಲ್ಕನೆಯ ಸಂಜೆ ಅಮ್ಮ, “ನಾನು ಬೆಟ್ಟಕ್ಕೇ ಬರುವುದಿಲ್ಲ, ಸಾಕಾ?” ಎಂದು ಮುಖ ತಿರುಗಿಸಿ ಒಳಗೆ ಹೋದರು. ಆರು ವರ್ಷಗಳಲ್ಲಿ ನಾನು ಗೆದ್ದ ಅತಿ ದೊಡ್ಡ ಚರ್ಚೆ ಅದು.

ಆ ಭಾನುವಾರದ ಗಾಳಿಯನ್ನು ಏನೆಂದು ಹೇಳಲಿ? ಅಷ್ಟು ಮರ್ಯಾದಸ್ಥ ಗಾಳಿಯನ್ನು ನಾನು ಮತ್ತೆ ಕಂಡಿಲ್ಲ. ಕೆಂಪು ಎಳೆ ಅಲುಗದೆ ನೇರ ನಿಂತಿತ್ತು. ಮಾವ ಬೆಳಗ್ಗೆಯೇ ಗದ್ದೆಗೆ ಹೋಗಿ ಕಂಬ, ತಂತಿ, ದನ ಎಲ್ಲ ನೋಡಿ ಬಂದಿದ್ದರು. ಜೋಡಣೆಯಾಯಿತು. ತಪಾಸಣೆಯ ಸುತ್ತಿನಲ್ಲಿ ನಾನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕೂತಿದ್ದೆ. ಒಂದೇ ಸುತ್ತು! ಕೊಕ್ಕೆ ಸಿಕ್ಕಿಸಿದರು, ಮಲಗಿ ತೂಗಿದರು. ಹನುಮಂತಪ್ಪ ಮುಟ್ಟಿ ನೋಡಿ “ಐತ್ರಿ” ಎಂದ. ಮಾವ ಎದ್ದು ರೆಕ್ಕೆಯನ್ನು ಹೆಗಲಿಗೇರಿಸಿ ಅಂಚಿಗೆ ಬಂದರು. ನಾನು ಎದುರು ನಿಂತು ಮೂಗಿನ ತಂತಿ ಹಿಡಿದಿದ್ದೆ. ಅವರು “ಬಿಡು” ಎಂದರೆ ಬಿಟ್ಟು ಬದಿಗೆ ಸರಿಯಬೇಕು, ಅಷ್ಟೇ ನನ್ನ ಕೆಲಸ.

“ಇಲ್ಲಿ ಇದ್ದವರಲ್ಲಿ ಯಾರಿಗಾದರೂ ಬೇಡ ಅನಿಸುತ್ತದಾ?”

“ಇಲ್ರೀ ಸಾಹೇಬ್ರ. ಹೋಗಿ ಬರ್ರಿ” ಎಂದ ಹನುಮಂತಪ್ಪ.

ಮಾವ ನನ್ನ ಕಡೆ ನೋಡಿದರು. ಹೆಲ್ಮೆಟ್ಟಿನ ಕೆಳಗೆ ಅವರ ಮುಖ ಶಾಲೆಯ ಪ್ರವಾಸಕ್ಕೆ ಹೊರಟ ಹುಡುಗನ ಮುಖದ ಹಾಗಿತ್ತು. ತಂತಿಯ ಈ ತುದಿ ನನ್ನ ಕೈಯಲ್ಲಿ, ಆ ತುದಿಯಲ್ಲಿ ಅವರು.

“ಬೇಡ” ಎಂದೆ.

ಯಾರೆಂದದ್ದು? ನಾನೇ! ನಾನು ಸುತ್ತ ನೋಡಿದೆ, ಬೇರೆ ಯಾರಾದರೂ ಅಂದಿರಬಹುದೇ ಎಂದು. ಕಾರಣ ಹುಡುಕಿದೆ. ಗಾಳಿ, ತಂತಿ, ಕೊಕ್ಕೆ, ಗದ್ದೆ, ಒಂದೂ ಸಿಗಲಿಲ್ಲ. ಕಣ್ಣು ಕೂಡ ಅದುರುತ್ತಿರಲಿಲ್ಲ!

ಮಾವ ರೆಕ್ಕೆ ಇಳಿಸಿ ಕೊಕ್ಕೆ ಬಿಚ್ಚಿದರು.

“ಇಲ್ಲ ಮಾವ, ಸುಮ್ಮನೆ ಅಂದದ್ದು. ವಾಪಸ್ ತೆಗೆದುಕೊಳ್ಳುತ್ತೇನೆ.”

“ತೆಗೆದುಕೊಳ್ಳಲಿಕ್ಕಿಲ್ಲ.”

“ಕಾರಣವಾದರೂ ಕೇಳಿ!”

“ಎಂತಕ್ಕೆ?”

“ಕೇಳಬೇಕು! ಇದು ಕೊನೆಯ ದಿನ. ನೀವು ನನಗೆ ಬೈಯಬೇಕು!”

“ಕಾರಣ ಉಂಟಾ ನಿನ್ನ ಹತ್ತಿರ?”

“ಇಲ್ಲ.”

“ಮತ್ತೆ ಎಂತ ಕೇಳುವುದು ಮಾರಾಯ್ತಿ? ಕಡ್ಡಿ ಎಳೆ, ಬಾ.”

ಆಮೇಲಾದರೂ ಗಾಳಿ ಕೆಟ್ಟಿತೇ? ತಂತಿ ಹರಿಯಿತೇ? ಸಂಜೆಯವರೆಗೂ ಏನೂ ಆಗಲಿಲ್ಲ. ಅದೇ ಗಾಳಿ, ಅದೇ ಬಿಸಿಲು. ಪಾದೆಯ ಎದುರು ಎರಡು ಗರುಡಗಳು ರೆಕ್ಕೆ ಬಡಿಯದೆ ನಮ್ಮನ್ನು ಹಂಗಿಸುವ ಹಾಗೆ ತೇಲುತ್ತಿದ್ದವು. ಸಾಕ್ಷಿಗಳೆಲ್ಲ ನನ್ನ ವಿರುದ್ಧ. ನಾನು ಅಳುತ್ತ ಕಡ್ಡಿ ಎಳೆದೆ. ಮಾವ ಆಚೆ ರೆಕ್ಕೆಯ ಕಡ್ಡಿಗಳನ್ನು ಎಳೆದು ಒಂದರ ಪಕ್ಕ ಒಂದಿಡುತ್ತ, ಬಟ್ಟೆಯ ವಿಷಯ ಹೇಳುವ ದನಿಯಲ್ಲೇ ಹೇಳಿದರು:

“ಪುಣೆಯಲ್ಲಿ ಒಮ್ಮೆ ನಾನು ಮೂಗಿನ ತಂತಿ ಹಿಡಿದಿದ್ದೆ. ಹೊರಟವನು ನನ್ನ ದೋಸ್ತಿ. ನನಗೆ ಬೇಡ ಅನಿಸಿತು. ಕಾರಣ ಇರಲಿಲ್ಲ. ಕಾರಣ ಇಲ್ಲದೆ ಹೇಗೆ ಹೇಳುವುದು ಅಂತ ಸುಮ್ಮನಾದೆ.”

ಕೊನೆಯ ಕಡ್ಡಿಯನ್ನೂ ಇಟ್ಟು, “ಕಡ್ಡಿ ಎಣಿಸು” ಎಂದರು. ಎಣಿಸಿದೆ. ಎಲ್ಲವೂ ಇದ್ದವು. ಮುಂದೇನಾಯಿತು ಎಂದು ಕೇಳಲಿಲ್ಲ. ಜೀವನದಲ್ಲಿ ನಾನು ಕೇಳದೆ ಬಿಟ್ಟ ಮೊದಲ ಪ್ರಶ್ನೆ ಅದು.

ಈಗ ಆ ಕೊಳವೆಗಳು ಕಟಪಾಡಿಯ ಅಂಗಡಿಯ ಮುಂದಿನ ಟರ್ಪಾಲಿನ ಮಾಡನ್ನು ಹೊತ್ತು ನಿಂತಿವೆ. ಜೋರು ಗಾಳಿ ಬಂದರೆ ಮಾಡು ಒಮ್ಮೆ ಉಬ್ಬಿ ಏಳುತ್ತದೆ. ಮಾವ ಹೊಲಿಗೆ ನಿಲ್ಲಿಸಿ ತಲೆ ಎತ್ತಿ ನೋಡುತ್ತಾರೆ. ನನಗೆ ಸಿಟ್ಟು ಬರುತ್ತದೆ. ಅವರ ಮೇಲೆ ಎಂದು ಇಷ್ಟು ಹೊತ್ತು ನಿಮಗೂ ನನಗೂ ಹೇಳಿಕೊಂಡು ಬಂದೆ.

ಆ ಕೊನೆಯ ಭಾನುವಾರದ ಸಂಜೆ ಹನುಮಂತಪ್ಪ ಜೋಳಿಗೆ ಹೊತ್ತು ಮುಂದೆ ಹೋಗಿದ್ದ. ಚೀಲದ ಮುಂದಿನ ತುದಿ ನನ್ನ ಹೆಗಲ ಮೇಲೆ, ಹಿಂದಿನದು ಮಾವನ ಹೆಗಲ ಮೇಲೆ. ನಾನು ಒಂದು ಹರಳನ್ನೂ ಬಿಡಲಿಲ್ಲ.

“ಕಲ್ಲು.”

“ಕಲ್ಲು.”

“ಗುಂಡಿ.”

“ಗುಂಡಿ.”

ಪಾದೆ ಮುಗಿದು ಗದ್ದೆಯ ಬದು ಬಂತು. ಅವರು ಇಳಿಯಬೇಕಾಗಿದ್ದ ಗದ್ದೆ, ಬೆಳಗ್ಗೆ ನಡೆದು ನೋಡಿದ ಅವರದೇ ಹೆಜ್ಜೆ ಗುರುತುಗಳು. ಅಲ್ಲಿ ಬರೀ ಮಣ್ಣು, ಮೆತ್ತಗೆ, ಎಡವಲು ಏನೂ ಇಲ್ಲ. ಹಿಂದೆ ಅವರ ಸದ್ದೇ ಕೇಳುತ್ತಿರಲಿಲ್ಲ. ತಿರುಗಿ ನೋಡಲು ಚೀಲ ಅಡ್ಡ.

“ಕಲ್ಲು” ಎಂದೆ.

ಮಾತು ತಿರುಗಿ ಬರಲಿಲ್ಲ; ಕಾನೂನಿನಂತೆ ನಾನು ನಿಂತೆ. ಆಮೇಲೆ ಹಿಂದಿನಿಂದ, ಚೀಲದ ಆ ತುದಿಯಿಂದ, ಬಂತು:

“ಕಲ್ಲು.”